ಗಾಜು ತೊಳೆದವಳ ಸೇಡು

ಫೆಬ್ರವರಿ ೩, ಮಂಗಳವಾರ

ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಕಲಿತ ಅಕ್ಷರ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಒಬ್ಬನನ್ನು ಬೈಯುವುದಕ್ಕೆ ಒದಗಿ ಬರುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿಬಿಟ್ಟು ಬೈದರೆ ಮಗಳು "ಸಾಕಮ್ಮ, ಬಿಡು" ಎನ್ನುತ್ತಾಳೆ. ಈ ಪುಸ್ತಕ ಹಾಗೆನ್ನುವುದಿಲ್ಲ. ಎಷ್ಟು ಬೈದರೂ ಬಾಯಿ ಮುಚ್ಚಿಕೊಂಡು ಬರೆಸಿಕೊಳ್ಳುತ್ತದೆ.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಮಗಳು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಳು. ಅವಳು ಆ ಹೊತ್ತಿಗೆ ಮನೆಗೆ ಬಂದದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿಲ್ಲ. ಪೆಟ್ಟಿಗೆಯಲ್ಲಿ ಚಹಾದ ಲೋಟ, ಲ್ಯಾಬಿನಲ್ಲಿ ಹಾಕಿಕೊಳ್ಳುವ ಚಪ್ಪಲಿ, ಹಳೆಯ ಕನ್ನಡಕ.

"ಏನೇ ಇದು?"

"ನನ್ನ ಹುದ್ದೆ ಮುಂದುವರಿಸಲ್ವಂತೆ."

"ಯಾರು ಹೇಳಿದ್ದು?"

"ಇನ್ಯಾರಮ್ಮ."

ಇನ್ಯಾರು. ಅವಳ ಮೇಲಿನವನು. ಒಂಬತ್ತು ವರ್ಷದ ಹಿಂದೆ ಬಂದು ಕುರ್ಚಿಯಲ್ಲಿ ಕೂತವನು. ನಾನು ಅವನಿಗೆ ಬೆಣ್ಣೆಬಾಯಿ ಎಂದು ಹೆಸರಿಟ್ಟಿದ್ದೇನೆ. ಕತ್ತು ಕುಯ್ಯುವಾಗಲೂ "ನೋವಾಯ್ತಾ ಅಮ್ಮ?" ಎಂದು ಕೇಳುವ ಜಾತಿಯವನು.

ಇವತ್ತಿನ ಪೇಪರಿನಲ್ಲಿ ಅವನ ಫೋಟೋ ಬಂದಿದೆ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಗುವಿನ ಸಕ್ಕರೆ ಕಾಯಿಲೆಯನ್ನು ಪತ್ತೆ ಮಾಡುವ ದಾರಿ ಕಂಡುಹಿಡಿದನಂತೆ. ಅದಕ್ಕೆ ಬಹುಮಾನವಂತೆ. ಕಂಡುಹಿಡಿದನಂತೆ! ಅವನಿಗೆ ತನ್ನ ಕನ್ನಡಕ ತಲೆಯ ಮೇಲೇ ಇರುವುದನ್ನು ಕಂಡುಹಿಡಿಯಲು ಅರ್ಧ ಗಂಟೆ ಬೇಕು.

ಮುದುಕರಿಗೆ ಬರುವ ಸಕ್ಕರೆ ಕಾಯಿಲೆ ಬೇರೆ, ಇದು ಬೇರೆ. ನಮ್ಮ ಮೈಯಲ್ಲಿ ಸಕ್ಕರೆ ಸರದ ಹಾಗೆ ಪೋಣಿಸಿಕೊಂಡಿರುತ್ತದಂತೆ. ಹಳೆಯದಾದ ಸರವನ್ನು ಕತ್ತರಿಸಿ ಬಿಸಾಕಲು ಮೈಯಲ್ಲೇ ಒಂದು ಕತ್ತರಿ ಇರುತ್ತದಂತೆ. ಕೆಲವು ಮಕ್ಕಳು ಆ ಕತ್ತರಿ ಇಲ್ಲದೆ ಹುಟ್ಟುತ್ತವೆ. ಹುಟ್ಟಿದಾಗ ಮುದ್ದಾಗಿಯೇ ಇರುತ್ತವೆ. ಆರು ತಿಂಗಳಾಗುವಾಗ ಹೊಟ್ಟೆ ಊದುತ್ತದೆ, ಕುತ್ತಿಗೆ ನಿಲ್ಲುವುದಿಲ್ಲ, ಕಲಿತ ನಗುವನ್ನೂ ಮರೆಯುತ್ತವೆ. ನನ್ನ ಮಗ ಎರಡು ವರ್ಷ ಏಳು ತಿಂಗಳು ಇದ್ದ. ಅವನ ಅಕ್ಕನಿಗೆ ಆಗ ಎಂಟು ವರ್ಷ. "ಪಾಪು ಯಾಕಮ್ಮ ನಗಲ್ಲ?" ಎಂದು ಕೇಳಿದ್ದಳು. ಅದಕ್ಕೆ ಉತ್ತರ ಹುಡುಕುವುದರಲ್ಲೇ ಅವಳ ತಲೆ ನರೆಯಿತು. ನಾಲ್ಕನೇ ತಿಂಗಳಲ್ಲಿ ಗರ್ಭದ ನೀರನ್ನು ಒಂದು ಚಮಚದಷ್ಟು ತೆಗೆದು ನೋಡಿದರೆ, ಆ ಸರಗಳು ಗಂಟುಗಟ್ಟುತ್ತಿವೆಯೋ ಇಲ್ಲವೋ ಎಂದು ಈಗ ಹೇಳಬಹುದು. ಆ ಪರೀಕ್ಷೆ ಅವಳದು. ಪೇಪರಿನಲ್ಲಿ ಅವಳ ಹೆಸರಿಲ್ಲ. "ತಂಡದ ಸಹಕಾರದಿಂದ" ಎಂದಿದೆ.

ಅವನು ಮಣ್ಣು ಮುಕ್ಕುವುದನ್ನು ಕಣ್ಣಾರೆ ನೋಡದೆ ನಾನು ಸಾಯುವುದಿಲ್ಲ. ಬರೆದಿಟ್ಟಿದ್ದೇನೆ.

ಫೆಬ್ರವರಿ ೬, ಶುಕ್ರವಾರ

ಸಂಸ್ಥೆಯ ದೊಡ್ಡವರಿಗೆ ಹೆಸರು ಹಾಕದೆ ಒಂದು ಕಾಗದ ಬರೆದೆ. ಅಂಚೆಗೆ ಹಾಕು ಎಂದು ಮೊಮ್ಮಗಳ ಕೈಗೆ ಕೊಟ್ಟರೆ ಅವಳು ಲಕೋಟೆ ಒಡೆದು ಓದಿಬಿಟ್ಟಳು. ಅವಳು ಲಿಫ್ಟ್ ರಿಪೇರಿ ಮಾಡುವವಳು. ಮುಚ್ಚಿದ್ದು ಯಾವುದನ್ನು ಕಂಡರೂ ಬಿಚ್ಚಿ ನೋಡದಿದ್ದರೆ ಸಮಾಧಾನವಿಲ್ಲ.

"ಅಜ್ಜೀ, ಹೆಸರಿಲ್ಲದ ಕಾಗದದಲ್ಲಿ 'ನನ್ನ ಮಗಳಿಗೆ ಅನ್ಯಾಯ ಆಗಿದೆ' ಅಂತ ಬರೆದಿದ್ದೀಯಲ್ಲ!"

"ಮತ್ತೆ ನಿನ್ನ ಮಗಳಿಗೆ ಅಂತ ಬರೀಲಾ?"

"ಇದೇನು, 'ಅವನ ನಾಲಿಗೆಗೆ ಬೊಬ್ಬೆ ಬರಲಿ' ಅಂತ? ಇದು ದೂರಾ, ಶಾಪಾನಾ?"

"ಜಾಗ ಉಳಿದಿತ್ತು. ಹಾಕಿದೆ."

ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ಅವಳಮ್ಮ ಬಂದು ಓದಿ, ನಗದೆ, ಹರಿದು ಹಾಕಿದಳು. "ಆ ಜಾಗದ ಹೆಸರು ಇನ್ನು ಈ ಮನೆಯಲ್ಲಿ ಯಾರೂ ಎತ್ತಬೇಡಿ" ಎಂದಳು. ಸರಿ ತಾಯಿ. ಎತ್ತುವುದಿಲ್ಲ.

ಅವಳು ದಿನಕ್ಕೆ ನಾಲ್ಕು ಸಲ ಅಡುಗೆಮನೆಯ ಕಟ್ಟೆ ಒರೆಸುತ್ತಾಳೆ. ಅಳುವುದಿಲ್ಲ. ಅತ್ತರೆ ನನಗೆ ಹಗುರವಾಗುತ್ತಿತ್ತು. ಅಳಿಯನಿಗೆ ಹಡಗಿನಲ್ಲಿ ಕೆಲಸ. ವರ್ಷಕ್ಕೆರಡು ಸಲ ಬಂದುಹೋಗುವ ನೆಂಟ. ಫೋನಿನಲ್ಲಿ "ರೆಸ್ಟ್ ತಗೋ" ಎಂದನಂತೆ. ಭಾರಿ ಬುದ್ಧಿವಂತ.

ಫೆಬ್ರವರಿ ೧೭, ಮಂಗಳವಾರ

ಇವತ್ತಿನ ಹಾಗೆ ಸಂತೋಷಪಟ್ಟು ಎಷ್ಟು ವರ್ಷವಾಯಿತೋ.

ಬೆಳಿಗ್ಗೆ ಕೆಳಗಿನ ಮನೆಯ ಗುಬ್ಬಿ ಬಂದಿದ್ದಳು. ಗುಬ್ಬಿ ಎಂದು ಕರೆಯುವುದು ನಾನು. ಅಷ್ಟೇ ಮೈ, ಅದಕ್ಕೆ ನಾಲ್ಕರಷ್ಟು ಚಿಲಿಪಿಲಿ. ನಾನು ಇಪ್ಪತ್ತೇಳು ವರ್ಷ ಮಾಡಿದ ಕೆಲಸವನ್ನೇ ಈಗ ಅವಳು ಮಾಡುತ್ತಿರುವುದು, ಸಂಸ್ಥೆಯಲ್ಲಿ ಗಾಜು ತೊಳೆಯುವುದು. ಜನವರಿಯಲ್ಲಿ ಸೇರಿದಳು. ಮಗಳನ್ನು ಒಳಗೆ ಬಿಟ್ಟುಕೊಳ್ಳದೆ ಬೆಣ್ಣೆಬಾಯಿ ಹೊಸ ಕಟ್ಟಡದಲ್ಲಿ ಪರೀಕ್ಷೆಯ ಲ್ಯಾಬ್ ತೆರೆದನಲ್ಲ, ಅಲ್ಲಿಗೆ.

ಕೆಲಸ ಹೇಗಿದೆ ಎಂದು ಸುಮ್ಮನೆ ಕೇಳಿದೆ.

"ಸುಲಭ ಅಜ್ಜಿ. ನಿಮ್ಮ ಕಾಲದ ಹಾಗಲ್ಲ. ಒಲೆಯಲ್ಲಿ ಒಣಗಿಸಿದ್ರೆ ಮೂರು ಗಂಟೆ ಬೇಕು, ಸರ್‌ಗೆ ಅರ್ಜೆಂಟು. ಮೆತ್ತನೆ ಕಾಗದದ ರೋಲ್ ತರಿಸಿಕೊಟ್ಟಿದಾರೆ. ಕಡ್ಡಿಗೆ ಸುತ್ತಿ ಒಳಗೆಲ್ಲ ಒರೆಸಿಬಿಡ್ತೀನಿ. ಪಳಪಳ ಅನ್ನುತ್ತೆ."

ಚಹಾದ ಲೋಟ ಕೆಳಗಿಟ್ಟೆ.

ಹತ್ತೊಂಬತ್ತು ವರ್ಷದ ಹಿಂದೆ ಮಗಳು ಹನ್ನೊಂದು ತಿಂಗಳು ಒಂದು ದೆವ್ವದ ಬೆನ್ನು ಹತ್ತಿದ್ದಳು. ಯಾವ ನೀರು ಹಾಕಿದರೂ ಯಂತ್ರದ ಗೆರೆ ಏಳುತ್ತಿತ್ತು. ಇಲ್ಲದ ಸಕ್ಕರೆ ಕಾಣುತ್ತಿತ್ತು. ಊಟ ಬಿಟ್ಟಳು, ಕೂದಲು ಉದುರಿತು. ಒಂದು ದಿನ ನಾನು, "ಗಾಜನ್ನಂತೂ ನಾನು ಚೆನ್ನಾಗೇ ಒರೆಸ್ತಿದೀನಿ ಕಣೇ, ಹೊಸ ಮೆತ್ತನೆ ಕಾಗದ ಬಂದಿದೆಯಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ನಕ್ಕಳು, ಅತ್ತಳು. ಕಾಗದ ಮಾಡುವುದು ಮರದಿಂದ. ಮರವೆಂದರೂ ಸಕ್ಕರೆಯ ಸರವೇ. ಕಣ್ಣಿಗೆ ಕಾಣದ ಎಳೆ ಗಾಜಿಗೆ ಅಂಟಿರುತ್ತದೆ. ಮೇಲೆ ಆಸಿಡ್ ಹಾಕಿ ಕಾಯಿಸಿದಾಗ ಅದು ಮುರಿದು ಸಕ್ಕರೆಯಾಗಿ ಕೂರುತ್ತದೆ. ಅಂದಿನಿಂದ ಏಳು ನೀರಲ್ಲಿ ತೊಳೆದು ಬೋರಲು ಹಾಕುವುದು, ಒರೆಸುವ ಮಾತಿಲ್ಲ. ಪ್ರತಿ ಬೆಳಿಗ್ಗೆ ಅದೇ ಗಾಜಿನಲ್ಲಿ ಬರೀ ನೀರು ಹಾಕಿ ನೋಡಿ, ಗೆರೆ ನೆಟ್ಟಗೆ ಮಲಗಿದರೆ ಮಾತ್ರ ಕೆಲಸ ಶುರು.

"ಬೆಳಿಗ್ಗೆ ಬರೀ ನೀರು ಹಾಕಿ ನೋಡ್ತಾರಾ?" ಎಂದು ಕೇಳಿದೆ.

"ನೋಡ್ತಾರೆ ಅಜ್ಜಿ. ಹೊಸ ಪ್ಲಾಸ್ಟಿಕ್ ನಳಿಗೆ ಬರುತ್ತಲ್ಲ, ಅದರಲ್ಲಿ. ಬೇಗ ಆಗುತ್ತೆ."

ಬೇಗ ಆಗುತ್ತೆ! ಅಂದರೆ ಅಲ್ಲಿ ಗೆರೆ ನೆಟ್ಟಗೇ ಮಲಗಿರುತ್ತದೆ. ತಪ್ಪು ಸಿಗುವುದೇ ಇಲ್ಲ.

ಇದು ಅವನಿಗೆ ಹೇಗೆ ಗೊತ್ತಿರಬೇಕು? ಅವನು ಬಂದದ್ದು ಒಂಬತ್ತು ವರ್ಷದ ಹಿಂದೆ. ಮಗಳು ಬರೆದಿಟ್ಟ ಕ್ರಮದ ಪುಸ್ತಕದಲ್ಲಿ "ತೊಳೆದು ಒಣಗಿಸಿದ ಗಾಜು" ಎಂದಷ್ಟೇ ಇದೆ. ತೊಳೆಯುವುದು ಅಮ್ಮನ ಕೆಲಸ, ಅದನ್ನೇನು ಬರೆಯುವುದು ಎಂದುಕೊಂಡಿರಬೇಕು. ನನ್ನ ಕೈಯಿಂದ ನನ್ನ ಹಿಂದೆ ಬಂದವಳ ಕೈಗೆ ಹೋಯಿತು. ಅವಳು ನಿವೃತ್ತಿಯಾದಳು. ಅಲ್ಲಿಗೆ ನಿಂತಿತು. ಅವನು ಕದ್ದ, ಆದರೆ ಅರ್ಧವನ್ನು ಮಾತ್ರ. ಉಳಿದರ್ಧ ಈ ನನ್ನ ಮುದಿ ಕೈಯಲ್ಲಿದೆ.

ಗುಬ್ಬಿಗೆ ನಾನು ಏನೂ ಹೇಳಲಿಲ್ಲ. ಬಿಸ್ಕತ್ತು ಕೊಟ್ಟೆ.

ಫೆಬ್ರವರಿ ೨೦, ಶುಕ್ರವಾರ

ಒರೆಸಲಿ. ಚೆನ್ನಾಗಿ ಒರೆಸಲಿ.

ಮೊಮ್ಮಗಳು "ಏನಜ್ಜಿ, ಒಬ್ಬಳೇ ಹಾಡಿಕೊಳ್ತಿದೀಯ?" ಎಂದಳು. ಮೊಣಕಾಲು ನೋವು ಕಡಿಮೆಯಾಗಿದೆ ಎಂದೆ. ನಿಜವಾಗಿಯೂ ಆಗಿದೆ.

ಫೆಬ್ರವರಿ ೨೭, ಶುಕ್ರವಾರ

ಗುಬ್ಬಿ ಬಟ್ಟೆ ಒಣಗಿಸುವಾಗ ಸಿಕ್ಕಳು. ನಾನಾಗಿ ಕೇಳಲಿಲ್ಲ, ಅವಳೇ ಹೇಳಿದಳು. ಹೊಸ ಲ್ಯಾಬಿನಲ್ಲಿ ಇದುವರೆಗೆ ಒಂಬತ್ತು ತಾಯಂದಿರ ಪರೀಕ್ಷೆ ಆಗಿದೆಯಂತೆ. ಏಳು ಕೆಟ್ಟದು ಎಂದು ಬಂದಿದೆಯಂತೆ.

ಈ ಪರೀಕ್ಷೆಗೆ ಬರುವವರು ಆಗಲೇ ಒಂದು ಮಗುವನ್ನು ಆ ಕಾಯಿಲೆಗೆ ಕೊಟ್ಟವರು. ಅಂಥವರಲ್ಲಿ ನಾಲ್ಕಕ್ಕೆ ಒಂದು ಮಗುವಿಗೆ ಬರುತ್ತದೆ ಎಂದು ಮಗಳು ಹೇಳುತ್ತಿದ್ದಳು. ಒಂಬತ್ತಕ್ಕೆ ಏಳು ಎಂದರೆ ಯಾವ ದಡ್ಡನಿಗಾದರೂ ಅನುಮಾನ ಬರಬೇಡವೇ?

"ಸರ್ ಏನಂತಾರೆ?"

"ನಮ್ಮ ಯಂತ್ರ ಈಗ ಮೊದಲಿಗಿಂತ ಚುರುಕಾಗಿದೆ, ಮೊದಲು ತಪ್ಪಿಸಿಕೊಳ್ತಿದ್ದದ್ದನ್ನೂ ಹಿಡೀತಿದೆ ಅಂತಾರೆ. ಮುಂದಿನ ತಿಂಗಳು ಹೊರದೇಶದವರ ಮುಂದೆ ಭಾಷಣ ಮಾಡ್ತಾರಂತೆ."

ಮಾಡಲಿ. ಹೊರದೇಶದವರ ಮುಂದೆಯೇ ಮಾನ ಹೋಗಲಿ. ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಅವನ ಮುಖ ಹೇಗೆ ಬಿಳಿಚಿಕೊಳ್ಳುತ್ತದೆ ಎಂದು ಎಣಿಸಿಕೊಂಡೆ. ಮೂರನೇ ಮಹಡಿ ಬಂದದ್ದೇ ಗೊತ್ತಾಗಲಿಲ್ಲ.

ಆ ಏಳು ತಾಯಂದಿರ ವಿಷಯ ಗುಬ್ಬಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ ೫, ಗುರುವಾರ

ಹೊಸ ಕಟ್ಟಡ ನೋಡಿಬರೋಣ ಎಂದು ಹೋದೆ. ಬೀಳುವ ಮೊದಲು ಎಷ್ಟು ಎತ್ತರವಿದೆ ಎಂದು ನೋಡುವ ಆಸೆ. ತಲೆ ಬಾಚಿಕೊಂಡು ಒಳ್ಳೆಯ ಸೀರೆ ಉಟ್ಟುಕೊಂಡಿದ್ದೆ.

ಕೆಳಗೆ ಕಾಯುವ ಜಾಗದಲ್ಲಿ ಗೋಡೆಗೆ ಅವನ ಫೋಟೋ. ಅದಕ್ಕೆ ಎದುರಾಗಿ ಬೆಂಚು. ಬೆಂಚಿನ ಮೇಲೆ ಒಬ್ಬ ಹೆಂಗಸು, ಐದು ತಿಂಗಳಿರಬಹುದು. ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತು. ಬಟ್ಟೆ ಹೊಲಿಯುತ್ತಿದ್ದವಳು ಅರ್ಧಕ್ಕೇ ಎದ್ದು ಬಂದ ಹಾಗೆ.

"ಯಾರ ಜೊತೆ ಬಂದ್ರಿ ಅಜ್ಜಿ?" ಎಂದಳು.

"ನನ್ನ ಮೊಣಕಾಲುಗಳ ಜೊತೆ. ಎರಡೂ ಹೇಳಿದ ಮಾತು ಕೇಳಲ್ಲ."

ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು. ಮೊದಲನೆಯದು ಹೆಣ್ಣು ಮಗುವಂತೆ, ಎರಡು ವರ್ಷಕ್ಕೆ ಹೋಯಿತಂತೆ. "ಈ ಸಲಾನೂ ಹಾಗೇ ಅಂತೆ ಅಜ್ಜಿ. ಎರಡು ಸಲ ನೋಡಿದ್ರು. ಎರಡು ಸಲಾನೂ ಹಾಗೇ ಬಂತು."

ಬರದೆ ಏನು? ಎರಡು ಸಲವೂ ಅದೇ ಗಾಜು.

"ಸೋಮವಾರ ಬಾ ಅಂದಿದಾರೆ. ತೆಗೆಯೋದಕ್ಕೆ." ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಇದ್ದಳು. "ಮೊನ್ನೆಯಿಂದ ಒದೀತಾ ಇದೆ. ನಮ್ಮ ಯಜಮಾನರಿಗೆ ಹೇಳಿಲ್ಲ. ಯಾಕೆ ಹೇಳ್ಬೇಕು ಅಲ್ವಾ?"

ನಾನು ಏನೋ ಹೇಳಿದೆ. ಏನು ಹೇಳಿದೆ ಎಂದು ನೆನಪಿಲ್ಲ. ಬಸ್ಸು ಹತ್ತಿ ನಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ. ಬಿಸಿಲಿನಲ್ಲಿ ವಾಪಸು ನಡೆದೆ.

ಸೋಮವಾರಕ್ಕೆ ನಾಲ್ಕು ದಿನವಿದೆ.

ಅವನ ಭಾಷಣಕ್ಕೆ ಹದಿನೈದು.

ಮಾರ್ಚ್ ೬, ಶುಕ್ರವಾರ

ಹೇಳಿಬಿಟ್ಟೆ. ಬೆಳಿಗ್ಗೆ ಮಗಳು ಕಟ್ಟೆ ಒರೆಸುತ್ತಿದ್ದಳು. ಬಟ್ಟೆ ಕಿತ್ತುಕೊಂಡು, "ಹೊಸ ಲ್ಯಾಬಲ್ಲಿ ಗಾಜನ್ನ ಕಾಗದದಲ್ಲಿ ಒರೆಸ್ತಿದಾರೆ ಕಣೇ" ಎಂದೆ.

ಅವಳು ಏನೂ ಕೇಳದೆ ಬಾಗಿಲ ಕಡೆ ಹೊರಟಳು. ಮನೆಯ ಚಪ್ಪಲಿಯಲ್ಲೇ. ಆ ಜಾಗದ ಹೆಸರೂ ಎತ್ತಬೇಡಿ ಎಂದಿದ್ದವಳು. ಮೆಟ್ಟಿಲ ಮೇಲೆ ತಿರುಗಿ ನಿಂತಳು.

"ನಿಂಗ್ಯಾವಾಗ ಗೊತ್ತಾಯ್ತು?"

"ನಿನ್ನೆ. ಗುಬ್ಬಿ ಹೇಳಿದ್ಳು."

ನಾನೂ ಹಿಂದೆಯೇ ಹೋದೆ. ಹೊಸ ಲ್ಯಾಬಿನ ಬಾಗಿಲಲ್ಲಿ ಬೆಣ್ಣೆಬಾಯಿ ಕೋಟು ಹಾಕಿಕೊಂಡು ಎದುರಾದ.

"ಓಹೋ, ಅಮ್ಮನೂ ಬಂದಿದಾರೆ! ಬನ್ನಿ ಬನ್ನಿ, ನಿಮ್ಮದೇ ಮನೆ."

"ನಮ್ಮದೇ ಆಗಿದ್ರೆ ರಟ್ಟಿನ ಪೆಟ್ಟಿಗೆ ನಿಮ್ಮ ಕೈಗೆ ಬರ್ತಿತ್ತು."

ಮಗಳು ವಿಷಯ ಹೇಳಿದಳು. ಅವನು ನಕ್ಕ. ಬರೀ ನೀರಿನ ಪರೀಕ್ಷೆ ದಿನಾ ಸರಿ ಬರುತ್ತಿದೆ ಎಂದ. "ತೊಳೆಯೋ ವಿಚಾರಕ್ಕೆಲ್ಲ ಇಷ್ಟು ತಲೆ ಕೆಡಿಸ್ಕೊಂಡ್ರೆ ಹೇಗೆ ಹೇಳಿ" ಎಂದ.

"ಆ ಶೆಲ್ಫಿನಿಂದ ಮೂರು ಗಾಜು ಕೊಡಿ, ಸರ್. ಬರೀ ನೀರು ಹಾಕಿ. ಅಷ್ಟೇ ಸಾಕು" ಎಂದಳು ಮಗಳು. ಅವಳ ಧ್ವನಿ ಎತ್ತರವಾಗಲಿಲ್ಲ. ಆದರೂ ಅಲ್ಲಿದ್ದ ಹುಡುಗಿಯರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ಅವನಿಗೆ ಇಲ್ಲ ಎನ್ನಲು ಆಗಲಿಲ್ಲ.

ಗೆರೆ ಎದ್ದಿತು. ಬರೀ ನೀರಿನಲ್ಲಿ ಬೆಟ್ಟದ ಸಾಲಿನ ಹಾಗೆ ಒಂದರ ಪಕ್ಕ ಒಂದು ಎದ್ದಿತು.

ಆಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮುಂದೆ ನಿಂತೆ. ಹದಿನಾಲ್ಕು ವರ್ಷವಾಗಿತ್ತು. ಕೈ ಮರೆತಿರಲಿಲ್ಲ. ಏಳು ನೀರು, ಕೊನೆಯದು ಬಟ್ಟಿ ಇಳಿಸಿದ್ದು. ನೀರು ಗಾಜಿನ ಮೇಲೆ ಹನಿಯಾಗಿ ನಿಲ್ಲದೆ ಹಾಳೆಯ ಹಾಗೆ ಜಾರಬೇಕು. ಬೋರಲು ಹಾಕಿ ಮೂರು ಗಂಟೆ ಕಾದೆವು. ಅದೇ ಮೂರು ಗಾಜು, ಅದೇ ನೀರು. ಗೆರೆ ನೆಟ್ಟಗೆ ಮಲಗಿತು.

ಅವನ ಮುಖ ನೋಡಿದೆ. ಬಿಳಿಚಿಕೊಂಡಿತು. ನಾನು ಮೆಟ್ಟಿಲ ಮೇಲೆ ಎಣಿಸಿಕೊಂಡಿದ್ದಕ್ಕಿಂತಲೂ ಚೆನ್ನಾಗಿ ಬಿಳಿಚಿಕೊಂಡಿತು. ಬಾಯಿ ತೆರೆದ, ಬೆಣ್ಣೆ ಬರಲಿಲ್ಲ. ಕುರ್ಚಿ ಹುಡುಕಿ ಕೂತ. ನಾನು ಕಣ್ತುಂಬ ನೋಡಿದೆ, ಮನೆಗೆ ಬಂದೂ ಕಣ್ಣು ಮುಚ್ಚಿ ಇನ್ನೊಮ್ಮೆ ನೋಡಿದೆ. ಇಪ್ಪತ್ತೆರಡು ವರ್ಷ ನನ್ನ ಮಗಳ ತಲೆಯ ಮೇಲೆ ಯಾರ್ಯಾರು ಕೂತಿದ್ದರೋ ಅವರೆಲ್ಲ ಒಟ್ಟಿಗೆ ಆ ಕುರ್ಚಿಯಲ್ಲಿ ಕುಸಿದು ಕೂತ ಹಾಗಿತ್ತು.

ಮಗಳು ಅಲ್ಲೇ ಉಳಿದಳು. ಒಂಬತ್ತು ತಾಯಂದಿರದೂ ಉಳಿದ ನೀರು ಮಂಜಿನ ಪೆಟ್ಟಿಗೆಯಲ್ಲಿದೆಯಂತೆ. ಎಲ್ಲವನ್ನೂ ಮತ್ತೆ ನೋಡುತ್ತಾಳೆ. ಬಟ್ಟೆ ಹೊಲಿಯುವವಳಿಗೆ ಇವತ್ತೇ ಫೋನು ಹೋಯಿತು, ಸೋಮವಾರ ಬರಬೇಡಿ ಎಂದು.

ಗೆದ್ದೆ.

ಮಾರ್ಚ್ ೧೪, ಶನಿವಾರ

ಮಗಳು ಒಂದು ವಾರ ಅಲ್ಲೇ ದುಡಿದು ಇವತ್ತು ಮಧ್ಯಾಹ್ನ ಬಂದಳು. ಕೈಕಾಲು ತೊಳೆದು ಎದುರಿಗೆ ಕೂತಳು.

ಕೆಟ್ಟದು ಎಂದು ಬಂದಿದ್ದ ಏಳರಲ್ಲಿ ಎರಡು ಮಾತ್ರ ನಿಜವಂತೆ. ಐದು ಮಕ್ಕಳು ನೆಟ್ಟಗಿದ್ದವಂತೆ. ಬಟ್ಟೆ ಹೊಲಿಯುವವಳದು ನೆಟ್ಟಗಿದೆ.

"ಐದೂ ಉಳಿದ್ವಾ?" ಎಂದೆ.

"ಮೂರು."

ನಾನು ಕೇಳಬಾರದಿತ್ತು. ಕೇಳಿದೆ. "ಯಾವಾಗ ತೆಗೆದ್ರು?"

"ಒಂದು ಫೆಬ್ರವರಿ ಹನ್ನೊಂದಕ್ಕೆ. ಇನ್ನೊಂದು ಇಪ್ಪತ್ತಾರಕ್ಕೆ."

ಅವಳು ಅತ್ತಳು. ಪೆಟ್ಟಿಗೆ ಹೊತ್ತು ಬಂದ ದಿನ ಅಳದವಳು ಇವತ್ತು ಅತ್ತಳು. ನಾನು ಬೆನ್ನು ಸವರಿದೆ.

ಮಾರ್ಚ್ ೧೬, ಸೋಮವಾರ

ಇಪ್ಪತ್ತಾರಕ್ಕೆ.

ಹದಿನೇಳರಿಂದ ಒಂಬತ್ತು ದಿನ.

ಮಾರ್ಚ್ ೧೯, ಗುರುವಾರ

ಗುಬ್ಬಿ ಬಂದಳು. ಚಿಲಿಪಿಲಿ ಇಲ್ಲ. ವಿಚಾರಣೆಯಂತೆ, ಮಂಗಳವಾರ. ಅವನು ಬರೆದು ಕೊಟ್ಟಿದ್ದಾನಂತೆ, ತೊಳೆಯುವವಳ ಅಜಾಗರೂಕತೆಯಿಂದ ಆದದ್ದು ಎಂದು. ಕಾಗದದ ರೋಲ್ ತರಿಸಿದ್ದು ಅವನೇ ಎನ್ನಲು ಅವಳ ಹತ್ತಿರ ಸಾಕ್ಷಿಯಿಲ್ಲ. ಬಾಯಿಮಾತು. ಅದಕ್ಕೆ ಅವಳ ಕೆಲಸ ಹೋಗುತ್ತದೆ. ಅಷ್ಟೇ ಅಲ್ಲ, ಪೊಲೀಸಿಗೆ ಕೊಟ್ಟರೂ ಕೊಡಬಹುದಂತೆ.

"ನೀವು ಬಂದು ಒಂದು ಮಾತು ಹೇಳಿ ಅಜ್ಜಿ. ಇದು ತಪ್ಪು ಅಂತ ನಂಗೆ ಯಾರೂ ಹೇಳಿರಲಿಲ್ಲ ಅಂತ. ನಿಮ್ಮ ಮಾತು ಕೇಳ್ತಾರೆ."

"ಹೂಂ."

"ನಂಗೂ ಒಂದ್ಸಲ ಅನುಮಾನ ಬಂದಿತ್ತು ಅಜ್ಜಿ, ಎಳೆ ಅಂಟಿಕೊಳ್ತಿದೆಯಲ್ಲ ಅಂತ. ಆದ್ರೆ ಅವತ್ತು ನಿಮ್ಮ ಹತ್ರ ಹೇಳಿದಾಗ ನೀವು ಏನೂ ಅನ್ನಲಿಲ್ಲ. ಇಪ್ಪತ್ತೇಳು ವರ್ಷ ತೊಳೆದವರೇ ಸುಮ್ಮನಿದಾರೆ ಅಂದ್ರೆ ಸರಿಯೇ ಇರ್ಬೇಕು ಅಂದ್ಕೊಂಡೆ."

ಅವಳು ಕುಹಕವಾಡಲಿಲ್ಲ. ಅದೇ ಕಷ್ಟ. ಕುಹಕವಾಡಿದ್ದರೆ ನಾನೂ ಎರಡು ಮಾತು ಬಿಡುತ್ತಿದ್ದೆ.

ಬಿಸ್ಕತ್ತು ಕೊಡಲು ಹೋಗಿ ಡಬ್ಬಿ ಮುಚ್ಚಿಟ್ಟೆ.

ಮಾರ್ಚ್ ೨೨, ಭಾನುವಾರ

ಎರಡು ದಾರಿ ಇದೆ.

ಯಾರೂ ಹೇಳಿರಲಿಲ್ಲ ಎಂದು ಹೇಳಿ ಬರಬಹುದು. ಅದು ಸುಳ್ಳಲ್ಲ. ಆದರೆ ಯಾವಾಗ ಗೊತ್ತಾಯಿತು ಎಂದು ಕೇಳಿದರೆ ಮಾರ್ಚ್ ಐದು ಎನ್ನಬೇಕು. ಮಗಳಿಗೆ ಆಗಲೇ ಹಾಗೆ ಹೇಳಿಯಾಗಿದೆ. ಆಗ ಗುಬ್ಬಿ ಹದಿನೇಳು ಎನ್ನುತ್ತಾಳೆ, ನಾನು ಐದು ಎನ್ನುತ್ತೇನೆ. ಅವಳು ಸುಳ್ಳುಗಾರ್ತಿಯಾಗುತ್ತಾಳೆ.

ಹದಿನೇಳಕ್ಕೇ ಗೊತ್ತಿತ್ತು ಎನ್ನುವ ಇನ್ನೊಂದು ದಾರಿ ಹಿಡಿದರೆ ಅವನು ಎದ್ದು ನಿಲ್ಲುತ್ತಾನೆ. ನೋಡಿ, ಕೆಲಸ ಕಳೆದುಕೊಂಡವಳ ತಾಯಿ, ಬೇಕೆಂದೇ ಮುಚ್ಚಿಟ್ಟಳು ಎನ್ನುತ್ತಾನೆ. ಕುರ್ಚಿ ಉಳಿಯುತ್ತದೆ. ನನ್ನ ಕೈಯಾರೆ ಉಳಿಸಿದ ಹಾಗೆ.

ಮಗಳಿಗೆ ಹೇಳೋಣವೆಂದು ಅಡುಗೆಮನೆಗೆ ಎರಡು ಸಲ ಹೋದೆ. ಒಂದು ಸಲ ನೀರು ಕುಡಿದು ಬಂದೆ. ಇನ್ನೊಂದು ಸಲ ಬೇಡವಾದರೂ ಇನ್ನೊಂದು ಲೋಟ ಕುಡಿದೆ.

ಮಾರ್ಚ್ ೨೪, ಮಂಗಳವಾರ

ಉದ್ದನೆಯ ಮೇಜು. ಮೂವರು ಕೂತಿದ್ದರು. ನಡುವಿನ ಹೆಂಗಸು ಕನ್ನಡಕದ ಮೇಲಿಂದ ನೋಡುತ್ತಿದ್ದಳು. ಒಂದು ಪಕ್ಕದಲ್ಲಿ ಅವನು, ಇನ್ನೊಂದರಲ್ಲಿ ಗುಬ್ಬಿ. ಮಗಳು ಸಾಕ್ಷಿಗಳ ಸಾಲಿನಲ್ಲಿ. ಹಿಂದಿನ ಬೆಂಚು ಮಗುವನ್ನು ತೆಗೆಸಿಕೊಂಡ ಇಬ್ಬರಿಗೆ. ಒಬ್ಬಳು ಬಂದಿರಲಿಲ್ಲ. ಇನ್ನೊಬ್ಬಳು ಬಸ್ ಓಡಿಸುವವಳಂತೆ, ಯೂನಿಫಾರ್ಮಿನಲ್ಲೇ ಬಂದಿದ್ದಳು. ಫೆಬ್ರವರಿ ಇಪ್ಪತ್ತಾರು ಅವಳದು.

ಅವನು ಮೊದಲು ಮಾತಾಡಿದ. "ಆ ಹುಡುಗಿ ಪಾಪ, ಓದಿದವಳಲ್ಲ" ಎಂದ. ಗುಬ್ಬಿ ತಲೆ ತಗ್ಗಿಸಿದಳು. ಓದದವಳು ಎಂದರೆ ತಲೆ ತಗ್ಗಿಸಬೇಕು ಎಂದು ಅವಳಿಗೆ ಯಾರು ಕಲಿಸಿದರೋ.

ನನ್ನನ್ನು ಕರೆದರು. ಕನ್ನಡಕದವಳು, "ಈ ತಪ್ಪು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ?" ಎಂದಳು.

"ಫೆಬ್ರವರಿ ಹದಿನೇಳು" ಎಂದೆ. "ಮಂಗಳವಾರ. ಬೆಳಿಗ್ಗೆ ಚಹಾದ ಹೊತ್ತು. ಈ ಹುಡುಗಿ ಇದ್ದದ್ದು ಇದ್ದ ಹಾಗೆ ಹೇಳಿದ್ಳು. ಕಾಗದ ಸರ್ ತರಿಸಿದ್ದು ಅಂತಾನೂ ಹೇಳಿದ್ಳು, ಆಗ ಇನ್ನೂ ಯಾವ ತಪ್ಪೂ ಹೊರಗೆ ಬಂದಿರಲಿಲ್ಲ, ಸುಳ್ಳು ಹೇಳೋ ಅಗತ್ಯ ಅವಳಿಗಿರಲಿಲ್ಲ. ಅದು ತಪ್ಪು ಅಂತ ನಂಗೆ ಆ ಕ್ಷಣಾನೇ ಗೊತ್ತಾಯ್ತು. ನಾನು ಸುಮ್ಮನಿದ್ದೆ."

"ಯಾಕೆ?"

"ಇವರು ಹಾಳಾಗ್ಲಿ ಅಂತ." ಕೈ ತೋರಿಸಿದೆ.

ಮಗಳ ಕಡೆ ನೋಡಲಿಲ್ಲ. ನೋಡದಿದ್ದರೂ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಸರಿದದ್ದು ಕೇಳಿಸಿತು.

ಅವನು ಎದ್ದು ನಿಂತ. ನಾನು ಎಣಿಸಿದ ಮಾತೇ ಬಂತು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ದ್ವೇಷ, ಬೇಕೆಂದೇ ಮುಚ್ಚಿಟ್ಟದ್ದು, ನಮ್ಮ ಸಂಸ್ಥೆಯ ಮೇಲೆ ಪಿತೂರಿ. ಬೆಣ್ಣೆ ಮತ್ತೆ ಬಂತು.

ಸಂಜೆಯ ಹೊತ್ತಿಗೆ ತೀರ್ಮಾನ ಹೇಳಿದರು. ಗುಬ್ಬಿಯ ಕೆಲಸ ಉಳಿಯಿತು, ಅವಳದು ತಪ್ಪಿಲ್ಲ ಎಂದು ಬರೆದು ಕೊಟ್ಟರು. ಅವನಿಗೆ ಎಚ್ಚರಿಕೆ ಕೊಟ್ಟು, ಪರೀಕ್ಷೆಯ ಉಸ್ತುವಾರಿಯನ್ನು ಮಾತ್ರ ತೆಗೆದರು. ಕುರ್ಚಿ, ಬಹುಮಾನ, ಗೋಡೆಯ ಫೋಟೋ ಹಾಗೇ ಇರುತ್ತವೆ. ಉಸ್ತುವಾರಿ ಯಾರಿಗೆ ಎಂದು ಆಮೇಲೆ ತಿಳಿಸುತ್ತಾರಂತೆ. ನನ್ನ ಮಗಳಿಗೆ ಕೊಡಬೇಕೆಂದಿದ್ದರಂತೆ, ಈಗ ಯೋಚನೆ ಮಾಡಬೇಕಂತೆ.

ಹೊರಗೆ ಮೆಟ್ಟಿಲ ಹತ್ತಿರ ಬಸ್ ಓಡಿಸುವವಳು ನಿಂತಿದ್ದಳು. ನಾನು ಕೆಳಗಿನ ಮೆಟ್ಟಿಲಿಗೆ ಬರುವವರೆಗೂ ಕಾದಳು.

"ನಿಮಗೂ ಒಂದು ಮಗು ಇದರಲ್ಲೇ ಹೋಗಿತ್ತಂತೆ."

"ಹೌದು. ಗಂಡು."

"ಹಾಗಿದ್ದೂ?"

"ಹಾಗಿದ್ದೂ."

ಕ್ಷಮಿಸು ಎಂಬ ಮಾತು ನಾಲಿಗೆಯವರೆಗೆ ಬಂತು. ಅದನ್ನು ಅವಳ ಕೈಗಿಟ್ಟು ನಾನು ಹಗುರಾಗಿ ಹೋಗುವುದೇ? ನುಂಗಿಕೊಂಡೆ. ಅವಳು ಅಳುತ್ತಿರಲಿಲ್ಲ. ಆ ಕಣ್ಣು ನನಗೆ ಚೆನ್ನಾಗಿ ಗೊತ್ತು. ಫೆಬ್ರವರಿಯಿಡೀ ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ನೋಡಿದ್ದೇನೆ.

"ನಿಮ್ಮ ಮನೆ ಎಲ್ಲಿ?" ಎಂದು ಕೇಳಿದಳು.

ಮಗಳು ಹಿಂದಿನಿಂದ "ಅಮ್ಮಾ" ಎಂದಳು. ಬೇಡ ಎಂಬ ಹಾಗೆ.

ಹೇಳಿದೆ. ಬೀದಿ, ಕಟ್ಟಡ, ಮೂರನೇ ಮಹಡಿ, ಎಡಗಡೆಯ ಬಾ‍ಗಿಲು. ಬೆಳಿಗ್ಗೆ ಒಂಬತ್ತರ ಮೇಲೆ ನಾನೊಬ್ಬಳೇ ಇರುತ್ತೇನೆ ಎಂದೂ ಹೇಳಿದೆ.

ಮಾರ್ಚ್ ೨೮, ಶನಿವಾರ

ಮಗಳು ಮಾತಾಡುತ್ತಿಲ್ಲ. "ಊಟ ಇದೆ" ಎನ್ನುತ್ತಾಳೆ, "ಮಾತ್ರೆ ತಗೋ" ಎನ್ನುತ್ತಾಳೆ, ಅಷ್ಟೇ. ನಿನ್ನೆ ಅವಳು ತನ್ನ ಕ್ರಮದ ಪುಸ್ತಕ ತೆಗೆದುಕೊಂಡು ನನ್ನ ಮುಂದೆ ಕೂತು, ಗಾಜು ತೊಳೆಯುವುದು ಹೇಗೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಮೊದಲ ನೀರು ಎಷ್ಟು ಬಿಸಿ, ಬೋರಲು ಹಾಕುವಾಗ ಎಷ್ಟು ಓರೆ. ಪೊಲೀಸರು ಕೇಳಿದ ಹಾಗೆ ಕೇಳಿದಳು. ಹೇಳಿದೆ. ಬರೆದು ಮುಗಿಸಿ ಎದ್ದುಹೋದಳು.

ಮೊಮ್ಮಗಳು ಬಾಗಿಲಿಗೆ ಹೊಸ ಚಿಲಕ ತಂದು ಹಾಕಿದಳು. "ಯಾರಾದ್ರೂ ಬಂದು ಏನಾದ್ರೂ ಮಾಡಿದ್ರೆ ಅಜ್ಜಿ?" ಎಂದಳು. ಬಿಚ್ಚಿಸಿದೆ.

ಬುಧವಾರದಿಂದ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಎದ್ದು ನಿಲ್ಲುತ್ತೇನೆ. ಬೈಯುವವಳ ಎದುರು ಕೂತಿರಬಾರದು.

ಇವತ್ತೂ ಬರಲಿಲ್ಲ.

ಬರುತ್ತಾಳೆ. ನಾನಾಗಿದ್ದರೆ ಬರುತ್ತಿದ್ದೆ.